ನಾಯಿ ಬೆಕ್ಕಿಗೆ ಮೊದಲು ಜಾಗ, ಆಮೇಲೆ ಸೋಫಾ

ಹಲಗೂರಿನ ಸುತ್ತಮುತ್ತ ಮನೆಗಳ ಒಳಗೆಲಸ ಮಾಡಿಸುವುದು ನನ್ನ ಕಸುಬು. ಬಾಗಿಲು, ಬೀರು, ಅಡುಗೆಮನೆಯ ಕಪಾಟು, ಟೈಲ್ಸು, ಬಣ್ಣ, ಗ್ರಿಲ್ಲು, ಸೋಫಾ ಎಲ್ಲವೂ ಅದರಲ್ಲಿ ಬರುತ್ತವೆ. ಮಳವಳ್ಳಿ, ಮದ್ದೂರು, ಕನಕಪುರದ ಕಡೆಗೂ ಕೆಲಸದ ಮೇಲೆ ಹೋಗುತ್ತೇನೆ. ಈಚೆಗೆ ಹೊಸ ಮನೆ ಕಟ್ಟಿಸುವವರು ಬಣ್ಣ ಯಾವುದು ಎನ್ನುವ ಮೊದಲೇ ಇನ್ನೊಂದು ಮಾತು ಕೇಳುತ್ತಾರೆ: ‘ಅಣ್ಣ, ನಾಯಿ ಒಳಗೇ ಇರ್ತದೆ, ಮನೆ ಕೆಡದಂಗೆ ಏನ್ ಮಾಡನ?’

ಪ್ರಾಣಿಯ ಜೊತೆ ಬಾಳುವುದು ನಮ್ಮ ಸೀಮೆಗೆ ಹೊಸದಲ್ಲ. ಬಂಡೂರು ಕುರಿಗೆ ಹೆಸರು ಕೊಟ್ಟ ಊರು ನಮ್ಮ ಮಳವಳ್ಳಿ ತಾಲ್ಲೂಕಿನಲ್ಲೇ ಇದೆ. ಹಳೇ ಹೆಂಚಿನ ಮನೆಗಳಲ್ಲಿ ದನ, ಕುರಿ, ಕೋಳಿ, ಮನುಷ್ಯರು ಒಂದೇ ಸೂರಿನಡಿ ಇದ್ದರು. ದನಕ್ಕೆ ಕೊಟ್ಟಿಗೆ, ಕೋಳಿಗೆ ಮಂಕರಿ, ಬೆಕ್ಕಿಗೆ ಅಟ್ಟ, ನಾಯಿಗೆ ಜಗುಲಿ ಎಂದು ಒಂದೊಂದಕ್ಕೂ ಜಾಗ ಗೊತ್ತಾಗಿತ್ತು. ಆರ್‌ಸಿಸಿ ಮನೆ ಬಂದಾಗ ಕೊಟ್ಟಿಗೆ ಹೋಯಿತು, ಅಟ್ಟ ಹೋಯಿತು, ಜಗುಲಿಯ ಜಾಗದಲ್ಲಿ ಬೈಕು ನಿಂತಿತು. ನಾಯಿ ಬೆಕ್ಕು ಹಾಲ್‌ನೊಳಕ್ಕೆ ಬಂದವು, ಆದರೆ ನಕ್ಷೆಯಲ್ಲಿ ಅವಕ್ಕೆ ಒಂದು ಮೂಲೆಯನ್ನೂ ಬರೆಯಲಿಲ್ಲ. ಹರಿದ ಸೋಫಾ, ಊದಿಕೊಂಡ ಕಪಾಟು, ಹೋಗದ ವಾಸನೆ ಎಂದು ನನ್ನ ಬಳಿ ಬರುವ ದೂರುಗಳಲ್ಲಿ ಹೆಚ್ಚಿನವು ಇಲ್ಲಿಂದಲೇ ಹುಟ್ಟುತ್ತವೆ. ಪ್ರಾಣಿಗೆ ಜಾಗ ಮಾಡಿಕೊಟ್ಟರೆ ಸಾಮಾನು ತಾನಾಗಿ ಉಳಿಯುತ್ತದೆ. ಕೆಲಸದಿಂದ ಕಲಿತ ಉಳಿದ ಪಾಠಗಳೆಲ್ಲ ಈ ಮಾತಿನ ಬೆನ್ನಿಗೇ ಬರುತ್ತವೆ.

1. ಅಳತೆ ಟೇಪು ಹಿಡಿಯುವ ಮೊದಲು ಪ್ರಾಣಿಯ ದಾರಿ ನೋಡಿ

ಯಾವ ಮನೆಗೆ ಹೋದರೂ ನಾನು ಮೊದಲು ಕೇಳುವುದು ಮೂರು ಮಾತು. ಅದು ಎಲ್ಲಿ ಮಲಗುತ್ತದೆ? ಎಲ್ಲಿ ನಿಂತು ನಿಮ್ಮ ದಾರಿ ಕಾಯುತ್ತದೆ? ಹೊರಗೆ ಹೋಗಬೇಕಾದಾಗ ಯಾವ ಬಾಗಿಲಿಗೆ ಬರುತ್ತದೆ? ನಾಯಿ ಸಾಮಾನ್ಯವಾಗಿ ಮನೆಯವರೂ ಬಾಗಿಲೂ ಎರಡೂ ಕಾಣುವ ಕಡೆ ಮಲಗುತ್ತದೆ. ಅದರ ಹಾಸಿಗೆಯನ್ನು ಒಯ್ದು ಮಹಡಿ ಮೆಟ್ಟಿಲ ಕೆಳಗಿನ ಕತ್ತಲೆಯಲ್ಲಿ ಹಾಕಿದರೆ ಅದು ಅಲ್ಲಿರುವುದಿಲ್ಲ, ಎದ್ದು ಬಂದು ಸೋಫಾ ಮೇಲೆ ಮಲಗುತ್ತದೆ. ಅದು ತಾನೇ ಆರಿಸಿಕೊಂಡ ಮೂಲೆಯನ್ನೇ ಅದಕ್ಕೆ ಬಿಟ್ಟು, ಸೋಫಾವನ್ನು ಒಂದೆರಡು ಅಡಿ ಸರಿಸುವುದು ಸುಲಭದ ದಾರಿ. ಹಾಸಿಗೆಯಿಂದ ನೀರಿನ ಬಟ್ಟಲಿಗೆ, ಅಲ್ಲಿಂದ ಬಾಗಿಲಿಗೆ ಹೋಗುವ ದಾರಿಯಲ್ಲಿ ಟೀಪಾಯಿ, ಹೂದಾನಿ ಇಡಬೇಡಿ. ಗೇಟು ಸದ್ದಾದ ಕೂಡಲೇ ಅದು ಆ ದಾರಿಯಲ್ಲೇ ಓಡುತ್ತದೆ.

2. ನೆಲದ ಹೊಳಪು ನಾಯಿಯ ಸೊಂಟಕ್ಕೆ ಶತ್ರು

ಹೊಳೆಯುವ ವಿಟ್ರಿಫೈಡ್ ಟೈಲ್ಸ್ ಈಗ ಎಲ್ಲರಿಗೂ ಬೇಕು. ಮುಖ ಕಾಣುವಷ್ಟು ಹೊಳೆಯುವ ನೆಲದ ಮೇಲೆ ನಾಯಿಯ ಉಗುರಿಗೆ ಹಿಡಿತ ಸಿಗುವುದಿಲ್ಲ. ಏಳುವಾಗ ಹಿಂಗಾಲು ಎರಡು ಕಡೆಗೆ ಜಾರುತ್ತವೆ. ಮರಿಗೂ ಮುದಿ ನಾಯಿಗೂ ಇದು ದಿನದಿನದ ಕಷ್ಟ. ಲ್ಯಾಬ್ರಡಾರ್, ಜರ್ಮನ್ ಶೆಫರ್ಡ್ ಜಾತಿಗಳಲ್ಲಿ ಸೊಂಟದ ಕೀಲಿನ ತೊಂದರೆ ವಂಶದಿಂದಲೇ ಬರುವುದುಂಟು, ಜಾರುವ ನೆಲ ಅದನ್ನು ಹೆಚ್ಚಿಸುತ್ತದೆ.

ಹೊಸದಾಗಿ ನೆಲ ಹಾಕಿಸುವವರಿಗೆ ನಾನು ಹೇಳುವುದು ಹೊಳಪಿಲ್ಲದ ಮ್ಯಾಟ್ ಟೈಲ್ಸ್, ಪಾಲಿಶ್ ಮಾಡದ ಗ್ರಾನೈಟ್, ಇಲ್ಲವೇ ಒಳ್ಳೆ ಗಾರೆ ಕೆಲಸದವರು ಸಿಕ್ಕರೆ ರೆಡ್ ಆಕ್ಸೈಡ್ ನೆಲ. ಗ್ರಾನೈಟ್ ಕಲ್ಲಿಗೆ ಮೂತ್ರ, ವಾಂತಿ ಬಿದ್ದರೆ ತೊಳೆದರಾಯಿತು. ಮಾರ್ಬಲ್, ಕಡಪ, ಶಹಾಬಾದ್ ಕಲ್ಲುಗಳು ಸುಣ್ಣದ ಜಾತಿಯವು. ಹುಳಿ ಬಿದ್ದಲ್ಲಿ ಕಲ್ಲು ಕೊರೆದು ಮಂಕಾದ ಮಚ್ಚೆ ಉಳಿಯುತ್ತದೆ. ನಾಯಿ ವಾಂತಿ ಮಾಡಿದ ಜಾಗವನ್ನು ಬೆಳಿಗ್ಗೆಯವರೆಗೆ ಹಾಗೇ ಬಿಟ್ಟರೆ ಆ ಕಲ್ಲು ಮತ್ತೆ ಮೊದಲಿನ ಹಾಗಾಗುವುದಿಲ್ಲ.

ಹೊಳಪಿನ ಟೈಲ್ಸ್ ಆಗಲೇ ಬಿದ್ದಿದ್ದರೆ ಕಿತ್ತು ಹಾಕಿಸಬೇಕಿಲ್ಲ. ಪ್ರಾಣಿ ಓಡಾಡುವ ದಾರಿಯುದ್ದಕ್ಕೂ ಅಡಿಗೆ ರಬ್ಬರ್ ಇರುವ ಮ್ಯಾಟು ಅಥವಾ ಹತ್ತಿಯ ಜಮಖಾನ ಹಾಸಿ. ಜಮಖಾನದ ಅಡಿಗೂ ರಬ್ಬರ್ ಹಾಳೆ ಬೇಕು, ಇಲ್ಲದಿದ್ದರೆ ಜಮಖಾನವೇ ಜಾರುತ್ತದೆ. ಕುಣಿಕೆ ಕುಣಿಕೆಯಾಗಿ ನೂಲು ಮೇಲೆದ್ದ ಕಾರ್ಪೆಟ್ ಬೇಡ. ಉಗುರು ಸಿಕ್ಕಿಕೊಂಡು ನೂಲೂ ಕಿತ್ತುಬರುತ್ತದೆ, ಉಗುರೂ ಕಿತ್ತುಬರುತ್ತದೆ.

3. ವಾಸನೆ ಇರುವುದು ಸಂದಿಯಲ್ಲಿ

ನೆಲ ಒರೆಸಿದ ಮೇಲೂ ವಾಸನೆ ಬರುತ್ತಿದ್ದರೆ ಟೈಲ್ಸಿನ ಸಂದಿ ನೋಡಿ. ಸಿಮೆಂಟ್ ತುಂಬಿದ ಸಂದಿ ಮೂತ್ರವನ್ನು ಹೀರಿಕೊಳ್ಳುತ್ತದೆ. ಒಳಗೆ ಉಳಿದದ್ದು ಕೊಳೆತು ಅಮೋನಿಯಾ ವಾಸನೆ ಬಿಡುತ್ತದೆ. ನಾಯಿ ಅದನ್ನು ಮೂಸಿ ಮತ್ತೆ ಅಲ್ಲೇ ಕಾಲೆತ್ತುತ್ತದೆ. ಪ್ರಾಣಿ ಇರುವ ಮನೆಗೆ ಹಾಲ್‌ನಲ್ಲೂ ಬಚ್ಚಲಿನಲ್ಲೂ ಸಂದಿಗೆ ನೀರು ಹೀರದ ಎಪಾಕ್ಸಿ ತುಂಬಿಸುವುದಕ್ಕೆ ಒಂದು ಸಲ ಖರ್ಚಾಗುತ್ತದೆ. ಆ ಖರ್ಚು ಮಾಡಿದ್ದಕ್ಕೆ ಬೇಸರಪಟ್ಟವರನ್ನು ನಾನು ನೋಡಿಲ್ಲ. ಗೋಡೆಯ ಬುಡಕ್ಕೂ ಕಾಪು ಬೇಕು. ಹಿಂದಿನವರು ಗೋಡೆಯ ಕೆಳಭಾಗಕ್ಕೆ ಕೆಮ್ಮಣ್ಣು ಬಳಿಯುತ್ತಿದ್ದರು, ಮಾಸಿದರೆ ಅಷ್ಟಕ್ಕೇ ಮತ್ತೆ ಬಳಿದರಾಯಿತು. ಈಗ ಅದೇ ಎತ್ತರಕ್ಕೆ ಟೈಲ್ಸ್ ಹಚ್ಚಿಸಿ, ಇಲ್ಲವೇ ತೊಳೆಯಬಹುದಾದ ಬಣ್ಣ ಹೊಡೆಸಿ. ನಾಯಿ ಮೈಯುಜ್ಜಿ ಜಿಡ್ಡಾಗುವುದು ಮೂರಡಿಯೊಳಗೇ.

ಇನ್ನು ಒರೆಸುವ ನೀರು. ನಮ್ಮ ಕಡೆ ಶುಚಿ ಎಂದರೆ ಫಿನಾಯಿಲ್ ವಾಸನೆ ಬರಲೇಬೇಕು. ಬೆಕ್ಕಿರುವ ಮನೆಯಲ್ಲಿ ಅದನ್ನು ಬಿಡಿ. ಫೀನಾಲ್ ಜಾತಿಯ ರಾಸಾಯನಿಕವನ್ನು ಅರಗಿಸಿ ಹೊರಹಾಕುವ ಶಕ್ತಿ ಬೆಕ್ಕಿನ ಯಕೃತ್ತಿಗೆ ತೀರಾ ಕಡಿಮೆ. ಬೆಕ್ಕು ಒರೆಸಿದ ನೆಲದ ಮೇಲೆ ನಡೆಯುತ್ತದೆ, ಆಮೇಲೆ ಪಾದ ನೆಕ್ಕುತ್ತದೆ, ವಿಷ ಒಳಗೆ ಹೋಗುತ್ತದೆ. ಮೂತ್ರದ ಮೇಲೆ ನೇರವಾಗಿ ಬ್ಲೀಚಿಂಗ್ ಪೌಡರ್ ಹಾಕುವುದೂ ತಪ್ಪು. ಎರಡೂ ಕೂಡಿ ಎದೆ ಸುಡುವ ಗಾಳಿ ಏಳುತ್ತದೆ, ಅದು ನಮಗೂ ಕೆಟ್ಟದ್ದು. ಮೊದಲು ಬಟ್ಟೆಯಲ್ಲಿ ಹಿಂಡಿ ತೆಗೆಯಿರಿ, ಸೋಪಿನ ನೀರಲ್ಲಿ ತೊಳೆಯಿರಿ, ಆಮೇಲೆ ನೀರು ಬೆರೆಸಿದ ವಿನಿಗರ್‌ನಲ್ಲಿ ಒರೆಸಿ. ಆದರೆ ವಿನಿಗರ್ ಹುಳಿಯಾದ್ದರಿಂದ ಮಾರ್ಬಲ್, ಕಡಪ ನೆಲಕ್ಕೆ ಅದನ್ನು ತಾಕಿಸಬೇಡಿ, ಅಲ್ಲಿ ಸೋಪಿನ ನೀರೇ ಸಾಕು. ಹಾಸಿಗೆ ಬಟ್ಟೆಗೆ ನಮ್ಮ ಬಿಸಿಲಿಗಿಂತ ಒಳ್ಳೆ ಔಷಧಿ ಇಲ್ಲ.

4. ಮರದ ಕಾಲು ನೆಲಕ್ಕೆ ಅಂಟಿರಬಾರದು

ಪಾರ್ಟಿಕಲ್ ಬೋರ್ಡ್, ಎಂಡಿಎಫ್ ಕಪಾಟು ನೋಡಲು ಚೆನ್ನ, ಅಗ್ಗ ಕೂಡ. ಅದರ ಬುಡಕ್ಕೆ ನಾಲ್ಕು ಸಲ ಮೂತ್ರ ತಾಕಿದರೆ ಅಂಚು ಊದಿ, ಹಾಳೆ ಬಿಟ್ಟು ಎದ್ದು ನಿಲ್ಲುತ್ತದೆ. ಮತ್ತೆ ಸರಿಮಾಡಲಾಗದು. ಕೆಳಗಿನ ಭಾಗಕ್ಕಾದರೂ ಐಎಸ್ 710 ಗುರುತಿನ ಮರೀನ್ ಪ್ಲೈವುಡ್ ಬಳಸಿ. ಅದಕ್ಕಿಂತ ಮುಖ್ಯ, ಕಪಾಟನ್ನು ನಾಲ್ಕಿಂಚು ಗ್ರಾನೈಟ್ ಪಟ್ಟಿಯ ಮೇಲೆ ಕೂರಿಸಿ.

ಹಳೇ ತೇಗದ ಬೆಂಚು, ಮಂಚ ಮನೆಯಲ್ಲಿದ್ದರೆ ಮಾರಬೇಡಿ. ಹಲ್ಲಿನ ಗುರುತು ಬಿದ್ದ ಗಟ್ಟಿ ಮರವನ್ನು ಬಡಗಿ ಉಜ್ಜಿ, ಪಾಲಿಶ್ ಹೊಡೆದು ಹೊಸದು ಮಾಡಿಕೊಡುತ್ತಾನೆ. ಬೋರ್ಡಿನಲ್ಲಿ ಆ ಅವಕಾಶವಿಲ್ಲ. ನಾಯಿಮರಿಗೆ ಹಾಲುಹಲ್ಲು 28, ಅವು ಉದುರಿ ಬರುವ ಹಲ್ಲು 42. ಸುಮಾರು ಮೂರರಿಂದ ಆರೇಳು ತಿಂಗಳ ವಯಸ್ಸಿನಲ್ಲಿ ಒಸಡು ನವೆಯುವುದರಿಂದ ಸಿಕ್ಕಿದ್ದನ್ನೆಲ್ಲ ಅದು ಕಡಿಯುತ್ತದೆ. ಅದನ್ನು ಹೊಡೆದು ಬಿಡಿಸಲಾಗದು. ಕಡಿಯಲು ಅದಕ್ಕೇ ಒಂದು ಗಟ್ಟಿ ರಬ್ಬರ್ ಆಟಿಕೆ ಕೊಟ್ಟು, ಆ ಕೆಲವು ತಿಂಗಳು ಹೊಸ ಕುರ್ಚಿಗಳನ್ನು ಬೇರೆ ರೂಮಿಗೆ ಸರಿಸಿ. ಹೊಸ ಸಾಮಾನು ತರುವುದಿದ್ದರೆ ಮರಿಯ ಹಲ್ಲು ಬಂದು ಮುಗಿಯುವವರೆಗೆ ತಡೆಯಿರಿ.

5. ಸೋಫಾ ಕೊಳ್ಳುವಾಗ ಅಂದಕ್ಕಿಂತ ಜಿಪ್ಪು ನೋಡಿ

ರೆಕ್ಸಿನ್ ಒರೆಸಲು ಸುಲಭ ಎಂದು ಜನ ಕೊಳ್ಳುತ್ತಾರೆ. ಒಂದು ಸಲ ಉಗುರು ತೂರಿತೆಂದರೆ ಅಲ್ಲಿಂದ ಸಿಪ್ಪೆ ಏಳುತ್ತಾ ಹೋಗುತ್ತದೆ. ಬೇಸಿಗೆಯಲ್ಲಿ ಮೈಗೂ ಅಂಟುತ್ತದೆ. ಸಡಿಲ ನೇಯ್ಗೆಯ ಸೆಣಬಿನಂಥ ಬಟ್ಟೆ ಬೆಕ್ಕಿಗೆ ಕೆರೆಯಲು ಕರೆಯುತ್ತದೆ. ನೂಲು ಕಾಣದಷ್ಟು ಒತ್ತಾಗಿ ನೇಯ್ದ ಮೈಕ್ರೋಫೈಬರ್ ಬಟ್ಟೆಗೆ ಉಗುರು ಹಿಡಿಯುವುದಿಲ್ಲ, ಕೂದಲೂ ಒದ್ದೆ ಕೈಯಲ್ಲಿ ಸವರಿದರೆ ಉಂಡೆಯಾಗಿ ಬರುತ್ತದೆ. ಯಾವ ಬಟ್ಟೆಯಾದರೂ ಸರಿ, ಜಿಪ್ಪು ತೆಗೆದು ಒಗೆಯುವಂತಿರಬೇಕು. ಎರಡು ಜೊತೆ ಕವರ್ ಹೊಲಿಸಿಬಿಡಿ. ಕವರಿನ ಬಣ್ಣ ನಿಮ್ಮ ಪ್ರಾಣಿಯ ಮೈಬಣ್ಣಕ್ಕೆ ಹತ್ತಿರವಿದ್ದರೆ ದಿನಾ ಗುಡಿಸುವವರ ಮನಸ್ಸು ಹಗುರ.

ನಮ್ಮ ಮನೆಗಳಿಗೆ ನಾನು ಹೆಚ್ಚು ಮಾಡಿಸಿಕೊಡುವುದು ಮರದ ದಿವಾನ. ಮೇಲೆ ಹತ್ತಿ ಹಾಸಿಗೆ, ಅದಕ್ಕೆ ಒಗೆಯುವ ಹೊದಿಕೆ. ಅಡಿಯಲ್ಲಿ ಒಂದೋ ಪೂರಾ ಮುಚ್ಚಿರಬೇಕು, ಇಲ್ಲ ಪೊರಕೆ ಸಲೀಸಾಗಿ ಆಡುವಷ್ಟು ಎತ್ತರವಿರಬೇಕು. ಮೂರಿಂಚಿನ ಸಂದಿ ಬಿಟ್ಟರೆ ಕೂದಲು, ಉಣ್ಣಿ, ತಿಂದು ಬಿಟ್ಟ ಮೂಳೆ ಎಲ್ಲವೂ ಅಲ್ಲಿ ಸೇರುತ್ತವೆ.

6. ಬೆಕ್ಕಿಗೆ ಅಗಲ ಬೇಡ, ಎತ್ತರ ಬೇಕು

ಬೆಕ್ಕು ಕೆರೆಯುವುದು ಚೇಷ್ಟೆಗಲ್ಲ. ಉಗುರಿನ ಹಳೇ ಪೊರೆ ಕಳಚಬೇಕು, ಮೈ ನೀಳವಾಗಿ ಚಾಚಬೇಕು, ಪಾದದ ಗ್ರಂಥಿಯ ವಾಸನೆಯಿಂದ ಇದು ತನ್ನ ಜಾಗ ಎಂದು ಗುರುತು ಹಾಕಬೇಕು. ಈ ಮೂರನ್ನೂ ನಿಲ್ಲಿಸಲಾಗದು. ಕೆರೆಯುವ ಜಾಗವನ್ನು ಮಾತ್ರ ಬದಲಿಸಬಹುದು. ತೆಂಗಿನ ಸೀಮೆಯವರಿಗೆ ಇದಕ್ಕೆ ಪೇಟೆಯ ಸಾಮಾನು ಬೇಕಿಲ್ಲ. ಮೂರಡಿ ಎತ್ತರದ ಗಟ್ಟಿ ಕಂಬಕ್ಕೆ ನಾರಿನ ಹಗ್ಗವನ್ನು ಒತ್ತೊತ್ತಾಗಿ ಸುತ್ತಿ, ಭಾರವಾದ ಹಲಗೆಗೆ ಮೊಳೆ ಹೊಡೆಯಿರಿ. ಅಲ್ಲಾಡಿದರೆ ಬೆಕ್ಕು ಅದನ್ನು ಮುಟ್ಟುವುದಿಲ್ಲ. ಅದು ಈಗ ಕೆರೆಯುತ್ತಿರುವ ಸೋಫಾದ ಮೂಲೆಗೇ ಕಂಬ ತಾಗಿಸಿಡಿ. ಅದು ರೂಢಿಯಾದ ಮೇಲೆ ನಿಧಾನವಾಗಿ ಬೇಕಾದ ಕಡೆಗೆ ಸರಿಸಿ.

ಹಳೇ ಮನೆಯ ಬೆಕ್ಕು ಅಟ್ಟದಿಂದ ಮನೆಯನ್ನೆಲ್ಲ ನೋಡುತ್ತಿತ್ತು. ಆರ್‌ಸಿಸಿ ಮನೆಯಲ್ಲಿ ಆ ಎತ್ತರವನ್ನು ನಾವೇ ಮಾಡಿಕೊಡಬೇಕು. ಗೋಡೆಗೆ ಮೆಟ್ಟಿಲಿನ ಹಾಗೆ ಎರಡು ಮೂರು ಹಲಗೆ, ಕೊನೆಯದು ಬೀರುವಿನ ನೆತ್ತಿಗೆ ಸೇರುವಂತೆ. ನಾಯಿ ಬೆಕ್ಕು ಎರಡೂ ಇರುವ ಮನೆಯಲ್ಲಿ ಇದು ಜಗಳ ತಪ್ಪಿಸುತ್ತದೆ. ನಾಯಿಗೆ ಸಿಗದ ಎತ್ತರದಲ್ಲಿ ಬೆಕ್ಕಿನ ಊಟ ಇಟ್ಟರೆ ನಾಯಿ ಅದನ್ನು ಕದಿಯುವುದೂ ನಿಲ್ಲುತ್ತದೆ. ಮಹಡಿಯ ಕಿಟಕಿಗೆ ನೈಲಾನ್ ಸೊಳ್ಳೆಪರದೆ ಸಾಲದು, ಉಗುರಿಗೆ ಹರಿಯುತ್ತದೆ. ಸ್ಟೀಲ್ ಜಾಲರಿ ಹಾಕಿಸಿ.

7. ಇಲ್ಲಿ ನಾಯಿಮನೆ ಎಂದರೆ ಚಿರತೆಯ ಲೆಕ್ಕವೂ ಸೇರಬೇಕು

ಬೆಂಗಳೂರಿನ ಮನೆಗಳ ಚಿತ್ರ ನೋಡಿ ಅದನ್ನೇ ಇಲ್ಲಿ ಮಾಡಿಸಲು ಆಗದಿರುವುದು ಈ ಕಾರಣಕ್ಕೆ. ಮುತ್ತತ್ತಿಯ ಕಾಡು ನಮ್ಮ ಮಗ್ಗುಲಲ್ಲೇ ಇದೆ. 1987ರಲ್ಲಿ ಕಾವೇರಿ ವನ್ಯಜೀವಿಧಾಮವಾದ ಕಾಡು ಅದು. ಬಸವನಬೆಟ್ಟದ ಸೆರಗಿನ ಊರುಗಳಲ್ಲಿ, ಕಬ್ಬಿನ ಗದ್ದೆಗಳ ಅಂಚಿನಲ್ಲಿ ಚಿರತೆಯ ಸುದ್ದಿ ಯಾರಿಗೂ ಹೊಸದಲ್ಲ. ಚಿರತೆಗೆ ನಾಯಿ ಸುಲಭದ ಬೇಟೆ. ಅದರಲ್ಲೂ ಗೇಟಿನ ಬಳಿ ಸರಪಳಿಯಲ್ಲಿ ಕಟ್ಟಿದ ನಾಯಿಗೆ ಓಡುವ ದಾರಿಯೂ ಇಲ್ಲ, ಬೊಗಳಿ ಮನೆಯವರನ್ನು ಎಬ್ಬಿಸುವಷ್ಟು ಹೊತ್ತೂ ಇಲ್ಲ. ಐದಾರು ಅಡಿ ಕಾಂಪೌಂಡನ್ನು ಚಿರತೆ ಲೆಕ್ಕಕ್ಕೇ ಇಡುವುದಿಲ್ಲ.

ಕತ್ತಲಾದ ಮೇಲೆ ನಾಯಿ ಒಳಗೆ ಮಲಗಲಿ. ಒಳಗೆ ಬೇಡ ಎನ್ನುವ ಮನೆಗೆ ನಾನು ಜಗುಲಿಯನ್ನೇ ಗ್ರಿಲ್ಲಿನಿಂದ ಮುಚ್ಚಿಸುತ್ತೇನೆ: ನೆಲದಿಂದ ಸೂರಿನವರೆಗೆ ಪೂರಾ, ಮೇಲೆ ಬಯಲು ಬಿಡದೆ. ಕೆಳಗಿನ ಮೂರಡಿಗೆ ಒಳಗಡೆಯಿಂದ ವೆಲ್ಡ್ ಮೆಶ್. ಅದಿಲ್ಲದಿದ್ದರೆ ಕಂಬಿಯ ನಡುವೆ ಚಿರತೆಯ ಪಂಜ ತೂರುತ್ತದೆ, ಮರಿಯ ತಲೆಯೂ ಸಿಕ್ಕಿಕೊಳ್ಳುತ್ತದೆ. ನಾಯಿಯ ಹಾಸಿಗೆ ಗ್ರಿಲ್ಲಿಗೆ ತಾಗದೆ ಗೋಡೆಯ ಕಡೆಗಿರಬೇಕು. ಚಿಲಕ ಒಳಗೂ ಹೊರಗೂ ಬೀಳುವಂತಿರಬೇಕು. ಮಂಟೇಸ್ವಾಮಿ ಕಾವ್ಯದಲ್ಲಿ ಸಿದ್ದಪ್ಪಾಜಿ ಕಬ್ಬಿಣದ ಭಿಕ್ಷೆಗೆ ಬಂದದ್ದು ಹಲಗೂರಿನ ಪಾಂಚಾಳರ ಬಳಿಗೆ. ಕಬ್ಬಿಣದ ಕೆಲಸಕ್ಕೆ ಅಂಥ ಹೆಸರಿರುವ ಊರಿನಲ್ಲಿ ನಾಯಿಗೊಂದು ಗಟ್ಟಿ ಗ್ರಿಲ್ಲು ಮಾಡಿಸುವುದು ನಮಗೆ ಹೊರೆಯಾಗಬಾರದು. ಮನೆ ಕಾಯುವ ಪ್ರಾಣಿಯನ್ನು ರಾತ್ರಿ ಕಾಯುವುದು ಮನೆಯವರ ಋಣ.

8. ಉಣ್ಣಿಗೆ ಔಷಧಿ ಹೊಡೆಯುವ ಮೊದಲು ರೇಷ್ಮೆಹುಳು ನೆನೆಯಿರಿ

ನಾಯಿಯ ಉಣ್ಣಿ ನಾಯಿಯ ಮೈಮೇಲಷ್ಟೇ ಇರುವುದಿಲ್ಲ. ರಕ್ತ ಕುಡಿದು ಊದಿದ ಹೆಣ್ಣು ಉಣ್ಣಿ ಕೆಳಗೆ ಬಿದ್ದು, ಗೋಡೆ ಹತ್ತಿ, ಬಿರುಕಿನಲ್ಲಿ ಸಾವಿರಾರು ಮೊಟ್ಟೆ ಇಡುತ್ತದೆ. ಅದಕ್ಕೇ ನಾಯಿ ಮಲಗುವ ಮೂಲೆಯ ಗೋಡೆಯಲ್ಲಿ, ಬಾಗಿಲ ಚೌಕಟ್ಟಿನ ಪಕ್ಕದಲ್ಲಿ ಒಂದು ಬಿರುಕನ್ನೂ ಉಳಿಸಬಾರದು. ಸಿಮೆಂಟ್ ಮೆತ್ತಿ ನುಣುಪು ಮಾಡಿಸಿ. ಹಾಸಿಗೆ ನೆಲದಿಂದ ಅರ್ಧ ಅಡಿ ಎತ್ತರದ ಕಟ್ಟಿನ ಮೇಲಿರಲಿ, ಗೋಡೆಗೆ ತಾಗದಿರಲಿ, ವಾರಕ್ಕೊಮ್ಮೆ ಹೊದಿಕೆ ಬಿಸಿನೀರಿಗೆ ಬೀಳಲಿ.

ನಮ್ಮಲ್ಲಿ ಹಿಪ್ಪುನೇರಳೆ ಬೆಳೆದು ಹುಳು ಮೇಯಿಸುವ ಮನೆಗಳು ಬಹಳ. ಉಣ್ಣಿಗೆ, ಚಿಗಟಕ್ಕೆ ಸಿಂಪಡಿಸುವ ಪೈರೆಥ್ರಾಯ್ಡ್ ಔಷಧಿಗಳು ರೇಷ್ಮೆಹುಳುವಿಗೆ ಅತಿ ಸೂಕ್ಷ್ಮ ಪ್ರಮಾಣದಲ್ಲೂ ವಿಷ. ಕೈಗೆ, ಬಟ್ಟೆಗೆ ಅಂಟಿದ್ದು ಸೊಪ್ಪಿಗೆ ತಾಕಿದರೂ ಬೆಳೆ ಕೈಬಿಡಬಹುದು. ಅದೇ ಗುಂಪಿನ ಪರ್ಮೆಥ್ರಿನ್ ಬೆಕ್ಕಿನ ಪ್ರಾಣಕ್ಕೂ ಅಪಾಯ. ಹುಳುಮನೆ ಇರುವವರು ನಾಯಿಯ ಔಷಧಿಯನ್ನು ಪಶುವೈದ್ಯರಿಗೆ ತಮ್ಮ ಕಸುಬು ಹೇಳಿಯೇ ಬರೆಸಿಕೊಳ್ಳಿ. ನಾಯಿ ಬೆಕ್ಕು ಹುಳುಮನೆಗೆ ಬಾರದಂತೆ ಬಾಗಿಲಿಗೆ ಜಾಲರಿ ಹಾಕಿ, ಹುಳುವನ್ನು ಕಾಡುವ ಊಜಿ ನೊಣಕ್ಕೂ ಅದೇ ತಡೆ. ಹುಳುಮನೆ ತೊಳೆಯಲು ಬಳಸುವ ಸುಣ್ಣ, ಬ್ಲೀಚಿಂಗ್ ಪೌಡರ್ ನೆಲದಲ್ಲಿ ಹಸಿಯಿರುವಾಗ ಪ್ರಾಣಿಯನ್ನು ಬಿಡಬೇಡಿ, ಪಾದ ಸುಡುತ್ತದೆ. ಇಲಿಪಾಷಾಣ ಇಡುವುದಿದ್ದರೆ ಇಲಿ ಮಾತ್ರ ನುಗ್ಗುವ ಮುಚ್ಚಿದ ಡಬ್ಬಿಯಲ್ಲಿಡಿ. ಪಾಷಾಣ ತಿಂದ ಇಲಿಯನ್ನು ತಿಂದ ಬೆಕ್ಕೂ ಸಾಯಬಹುದು.

9. ಅಂದಕ್ಕೆ ಇಟ್ಟ ಗಿಡ ವಿಷವಾಗಬಾರದು

ಹಾಲ್‌ನಲ್ಲಿ ಮನಿ ಪ್ಲಾಂಟ್, ದೊಡ್ಡೆಲೆಯ ಡೈಫನ್‌ಬೇಕಿಯಾ ಇಡುವುದು ಈಗಿನ ರೂಢಿ. ಎರಡರ ಎಲೆಯಲ್ಲೂ ಸೂಜಿಯಂಥ ಹರಳುಗಳಿವೆ, ಅಗಿದರೆ ಬಾಯಿ, ಗಂಟಲು ಉರಿದು ಊದುತ್ತವೆ. ಸೈಕಾಸ್ ಗಿಡದ ಬೀಜ ನಾಯಿಯ ಯಕೃತ್ತನ್ನು ಕೆಡಿಸುತ್ತದೆ. ಲಿಲಿ ಹೂವಿನ ಪರಾಗ ಮೈಗಂಟಿದ್ದನ್ನು ನೆಕ್ಕಿದರೂ ಬೆಕ್ಕಿನ ಮೂತ್ರಪಿಂಡ ಹೋಗಬಹುದು. ಪೂಜೆಗೆಂದು ಬೆಳೆಸುವ ಕಣಗಿಲೆಯ ಎಲ್ಲ ಭಾಗವೂ ಹೃದಯಕ್ಕೆ ವಿಷ, ಅದು ಬೇಲಿಯಾಚೆಗಿರಲಿ. ದಾಸವಾಳ, ಗುಲಾಬಿ, ಮಲ್ಲಿಗೆ, ಅರೆಕಾ ಪಾಮ್‌ಗಳಿಂದ ಈ ಭಯವಿಲ್ಲ. ಒಂದು ಕುಂಡದಲ್ಲಿ ಗೋಧಿ ಚೆಲ್ಲಿ ಹುಲ್ಲು ಬರಿಸಿ. ಬೆಕ್ಕು ಉಳಿದ ಗಿಡ ಬಿಟ್ಟು ಹೆಚ್ಚಾಗಿ ಅದನ್ನೇ ಮೇಯುತ್ತದೆ.

10. ಹಿರಿಯರ ಮಾತಿಗೂ ಮನೆಯಲ್ಲಿ ಜಾಗವಿರಲಿ

‘ನಾಯಿ ಒಳೀಕೆ ಬುಟ್ಕಂಡ್ರೆ ದೇವ್ರುಮನೆ ಮೈಲಿಗೆ ಆಯ್ತದೆ ಕಣಪ್ಪ’ ಎನ್ನುವ ಅಜ್ಜಿಯರು ಬಹಳ ಮನೆಗಳಲ್ಲಿದ್ದಾರೆ. ಮಕ್ಕಳು ಅವರೊಂದಿಗೆ ವಾದಕ್ಕಿಳಿಯುತ್ತಾರೆ. ನಾನು ದೇವರಮನೆಗೂ ಅಡುಗೆಮನೆಗೂ ಸೊಂಟದೆತ್ತರದ ಅರ್ಧ ಬಾಗಿಲು ಮಾಡಿಸಿಕೊಡುತ್ತೇನೆ. ಗಾಳಿ ಬೆಳಕು ನಿಲ್ಲುವುದಿಲ್ಲ, ದೀಪ ಹಾಲ್‌ಗೆ ಕಾಣುತ್ತದೆ, ನಾಯಿ ದಾಟುವುದಿಲ್ಲ. ಒಲೆಯ ಬೆಂಕಿ, ಈರುಳ್ಳಿ ಬುಟ್ಟಿ, ಕೋಳಿಮೂಳೆಯಿಂದಲೂ ನಾಯಿಯನ್ನು ಕಾಯುವುದು ಅದೇ ಬಾಗಿಲು. ಅಜ್ಜಿಯ ಕಟ್ಟಳೆಯೂ ವೈದ್ಯರ ಕಟ್ಟಳೆಯೂ ಒಂದೇ ಕಡೆ ಸೇರಿದ ಹಾಗಾಯಿತು. ಇದೇ ಜಿಲ್ಲೆಯ ಆದಿಚುಂಚನಗಿರಿಯಲ್ಲಿ ಕಾಲಭೈರವನಿಗೆ ಕೈಮುಗಿಯುವ ಜನ ನಾವು. ಆ ದೇವರ ವಾಹನವೇ ನಾಯಿ ಎಂಬುದನ್ನು ಅಜ್ಜಿಯರಿಗೆ ಯಾರೂ ಹೇಳಿಕೊಡಬೇಕಿಲ್ಲ. ಗೌರವದ ಗಡಿ ಹಾಕಿಕೊಟ್ಟರೆ ರೊಟ್ಟಿ ಚೂರನ್ನು ಮೊದಲು ಹಾಕುವವರೂ ಅವರೇ.

11. ಬೇಸಿಗೆಗೆ ಒಂದು ತಂಪು ಕಲ್ಲು, ಹಬ್ಬಕ್ಕೆ ಒಂದು ಸದ್ದಿಲ್ಲದ ಮೂಲೆ

ನಾಯಿ ಬೆವರುವುದು ಪಾದದಲ್ಲಿ ಮಾತ್ರ, ಮೈಯ ಬಿಸಿ ಹೆಚ್ಚಾಗಿ ನಾಲಿಗೆಯಿಂದ ಹೋಗಬೇಕು. ಆರ್‌ಸಿಸಿ ತಾರಸಿಯ ಮನೆಯಲ್ಲಿ ಮಾರ್ಚ್‌ನಿಂದ ಮೇವರೆಗೆ ಅದಕ್ಕೆ ಕಷ್ಟ. ಗಾಳಿಯಾಡುವ ಕಡೆ ನಾಲ್ಕಡಿ ಉದ್ದದ ಕಲ್ಲು ಚಪ್ಪಡಿಯೊಂದನ್ನು ಹಾಕಿಕೊಡಿ. ನೀರಿಗೆ ಸ್ಟೀಲ್ ತಟ್ಟೆಗಿಂತ ಕಲ್ಲಿನ ಬಾನಿ ವಾಸಿ: ಉರುಳುವುದಿಲ್ಲ, ನೀರು ತಣ್ಣಗಿರುತ್ತದೆ. ದೀಪಾವಳಿ ಪಟಾಕಿಗೆ ಬೆದರುವ ನಾಯಿಗೆ ಮನೆಯ ನಡುವಿನ, ಕಿಟಕಿ ಕಡಿಮೆಯಿರುವ ರೂಮಿನಲ್ಲಿ ಮಂಚದಡಿ ಜಾಗ ಖಾಲಿ ಮಾಡಿಡಿ. ನಮ್ಮ ಕಿವಿಗೆ ಕೇಳದ ಎತ್ತರದ ಸದ್ದೂ ಅದಕ್ಕೆ ಕೇಳುತ್ತದೆ. ದಪ್ಪ ಪರದೆ ಹಾಕಿದರೆ ಸ್ವಲ್ಪವಾದರೂ ತಡೆಯುತ್ತದೆ.

12. ದುಡ್ಡು ಹಾಕುವ ಸರದಿ

ಎಲ್ಲವನ್ನೂ ಒಮ್ಮೆಗೇ ಮಾಡಿಸಲು ಯಾರಿಗೂ ಆಗದು. ನನ್ನನ್ನು ಕೇಳಿದರೆ ಸರದಿ ಹೀಗಿರಲಿ. ಮೊದಲು ಪ್ರಾಣ ಉಳಿಸುವ ಕೆಲಸಗಳು: ರಾತ್ರಿಯ ಗ್ರಿಲ್ಲು, ಮಹಡಿ ಕಿಟಕಿಯ ಜಾಲರಿ, ವಿಷದ ಗಿಡ, ಔಷಧಿ ಡಬ್ಬಿಗಳನ್ನು ದೂರವಿಡುವುದು. ಇವುಗಳಲ್ಲಿ ಅರ್ಧಕ್ಕೆ ದುಡ್ಡೇ ಬೇಕಿಲ್ಲ. ಎರಡನೆಯದು ನೆಲದ ಹಿಡಿತ ಮತ್ತು ಟೈಲ್ಸಿನ ಸಂದಿ. ಮೂರನೆಯದು ಅದರ ಹಾಸಿಗೆ, ಕೆರೆಯುವ ಕಂಬ, ಅರ್ಧ ಬಾಗಿಲು. ಸೋಫಾ, ಪರದೆ, ಬಣ್ಣ ಕೊನೆಗೆ. ಬಹಳ ಮಂದಿ ಈ ಸರದಿಯನ್ನು ಕೆಳಗಿನಿಂದ ಹಿಡಿಯುತ್ತಾರೆ. ಮೊದಲು ಸೋಫಾ ತರುತ್ತಾರೆ, ಅದು ಹರಿದಾಗ ಪ್ರಾಣಿಯನ್ನು ಹೊರಗೆ ಕಟ್ಟುತ್ತಾರೆ, ಕಟ್ಟಿದ ಪ್ರಾಣಿ ರಾತ್ರಿಯೆಲ್ಲ ಕೂಗುತ್ತದೆ. ಮೇಲಿನಿಂದ ಹಿಡಿದವರ ಮನೆಯಲ್ಲಿ ಸೋಫಾದ ಸರದಿ ಬರುವ ಹೊತ್ತಿಗೆ ಪ್ರಾಣಿಗೆ ತನ್ನ ಜಾಗ ಗೊತ್ತಾಗಿರುತ್ತದೆ, ನಿಮಗೂ ಅದರ ನಡೆ ಗೊತ್ತಾಗಿರುತ್ತದೆ. ಮನೆ ಕಟ್ಟಿಸಲು ಹೊರಟಿದ್ದರೆ ನಕ್ಷೆ ಬರೆಯುವವರ ಮುಂದೆ ಕೂತಾಗಲೇ ನಾಯಿಯ ಹೆಸರನ್ನೂ ಬೆಕ್ಕಿನ ಹೆಸರನ್ನೂ ಮನೆಯವರ ಲೆಕ್ಕದಲ್ಲಿ ಹೇಳಿ. ಅವುಗಳ ಮೂಲೆ ಕಾಗದದ ಮೇಲೆ ಬಿದ್ದ ಮೇಲೆಯೇ ಅಡ್ವಾನ್ಸ್ ಕೊಡಿ.